ಬಿಂದುವಿನ ಬಲಗಡೆ

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಹೆರಿಗೆ ವಾರ್ಡಿನ ನರ್ಸು ತೂಕದ ಯಂತ್ರದ ತಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಿದ್ದಳು. ಇಪ್ಪತ್ತಾರು ವರ್ಷ ಕೂಸುಗಳನ್ನು ತೂಗಿ ಅವಳ ಹೆಸರೇ ತೂಕದಕ್ಕ ಎಂದಾಗಿತ್ತು. "ಗಂಡನನ್ನೂ ಹೀಗೇ ತೂಗಿ ನೋಡಿ ಒಪ್ಪಿದ್ದಂತೆ" ಎಂದು ಆಯಾ ಛೇಡಿಸುತ್ತಿದ್ದಳು.

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ಮಡಚಿ ಮಡಚಿ ಸವೆದ ಕಾಗದ.

"ಅಕ್ಕಾ, ಹೋದ ವರ್ಷ ನನ್ನ ಮಗಳು ಇಲ್ಲೇ ಹುಟ್ಟಿದ್ದು. ಆರು ಗಂಟೆ ಹೊತ್ತು ಜೀವಂತ ಇದ್ಲು. ಏನು ಬರೆದಿದ್ದಾರೆ ನೋಡಿ."

ತೂಕ: 0 ಕಿಲೋ.

"ನಮ್ಮತ್ತೆ ಇದನ್ನೇ ಹಿಡ್ಕೊಂಡು, ಇಲ್ಲದ್ದಕ್ಕೆ ಯಾಕೆ ಅಳ್ತೀಯಾ ಅಂತಾರೆ. ಸರಿಯಾದ್ದು ಬರ್ಕೊಡಿ, ಸಾಕು."

ತೂಕದಕ್ಕ ಆ ಸೊನ್ನೆಯನ್ನು ಎರಡು ಸಲ ಓದಿದಳು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಕಾಗದ ಹಿಡಿದು ಮಹಡಿ ಹತ್ತಿದಳು. ಆಸ್ಪತ್ರೆಯ ಪ್ರೋಗ್ರಾಂ ಬರೆದವನು ಪರದೆ ನೋಡಿ ಪೆಚ್ಚಾದ.

"ನೀವು ಬಿಂದು ಹಾಕೇ ಟೈಪ್ ಮಾಡಿರ್ತೀರಿ. ತಪ್ಪು ನಂದು. ಆ ಖಾನೇನ ಪೂರ್ಣಾಂಕಕ್ಕೆ ಅಂತ ಮಾಡಿಟ್ಟಿದ್ದೆ. ದಶಮಾಂಶ ಬಂದ್ರೆ ಕಂಪ್ಯೂಟರ್ ತಾನಾಗೇ ಬಿಂದುವಿನ ಬಲಗಡೆಯದ್ದನ್ನ ಕತ್ತರಿಸಿ, ಉಳಿದದ್ದನ್ನ ಇಟ್ಕೊಳ್ಳುತ್ತೆ."

"ಒಂದು ಮಾತು ಹೇಳ್ಬಾರ್ದಾ ಅದು?"

"ಅದರ ಲೆಕ್ಕದಲ್ಲಿ ಇದು ತಪ್ಪೇ ಅಲ್ಲಕ್ಕ. ತುಟಿ ಪಿಟಕ್ ಅನ್ನಲ್ಲ."

ಮೂರೂಕಾಲು ಕಿಲೋದ ಕೂಸು ಮೂರಾದಾಗ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕಿಲೋ ತುಂಬದ ಕೂಸಿಗೆ ಮಾತ್ರ ಏನೂ ಉಳಿದಿರಲಿಲ್ಲ.

"ಈಗ ಸರಿಮಾಡು."

"ಮುಂದಿನವಕ್ಕೆ ಮಾಡ್ತೀನಿ. ಹೋದದ್ದು ಎಲ್ಲೂ ಇಲ್ಲ. ತೂಗಿದವರು ಬರೆದು ಸಹಿ ಹಾಕಿದ್ರೆ ತಿದ್ದಬಹುದು."

ಕಂಪ್ಯೂಟರ್ ಬಂದ ದಿನವೇ ತೂಕದ ಪುಸ್ತಕ ನಿಂತುಹೋಗಿತ್ತು. ತೂಕದಕ್ಕ ಮೆಟ್ಟಿಲಿಳಿಯುತ್ತ ನೆನಪನ್ನು ಕೆದಕಿದಳು. ಮುಷ್ಟಿ ಕಟ್ಟಿದ್ದ ಪುಟ್ಟ ಕೈ ನೆನಪಾಯಿತು, ಕಿವಿಯ ಹಿಂದಿನ ನವಿರು ಕೂದಲು ನೆನಪಾಯಿತು. ಅಂಕಿ ಮಾತ್ರ ಬರಲಿಲ್ಲ. ಒಂದು ಅಂದಾಜು ಬರೆದರೆ ಕೇಳುವವರಿರಲಿಲ್ಲ. ಆದರೆ ಅವಳು ಅಂದಾಜಿನಲ್ಲಿ ಎಂದೂ ಬರೆದವಳಲ್ಲ.

ಬೆಂಚಿನ ಮೇಲೆ ಪಕ್ಕದಲ್ಲೇ ಕುಳಿತಳು. "ನನ್ನ ಕೈಯಾರೆ ತೂಗಿದ್ದೀನಮ್ಮಾ. ಸುಳ್ಳು ಹೇಳಲ್ಲ, ಎಷ್ಟಿತ್ತೋ ಮರೆತುಹೋಗಿದೆ."

ಆ ತಾಯಿ ಅಂದಳು: "ಅವಳ ಅಳು ನನಗೆ ಕೇಳಿಸ್ಲೇ ಇಲ್ಲ ಅಕ್ಕಾ. ತೂಗಿದ ಮೇಲೆ ನನ್ನ ಕಡೆ ತಿರುಗಿ ನೀವು ಗಟ್ಟಿಯಾಗಿ ಹೇಳಿದ್ರಲ್ಲ, ಅದೊಂದೇ ಕೇಳಿಸಿದ್ದು. ದಿನಾ ಹೇಳ್ಕೋತೀನಿ."

ತೂಕದಕ್ಕ ಕಣ್ಣೊರೆಸಿಕೊಂಡು ಪೆನ್ನು ತೆಗೆದಳು. 'ತೂಗಿದ ಹೊತ್ತಿಗೆ ನಾನು ಹೇಳಿದ್ದು, ತಾಯಿ ಕೇಳಿಸಿಕೊಂಡಂತೆ' ಎಂದು ಬರೆದು, ಮುಂದಿನದಕ್ಕೆ ಜಾಗ ಬಿಟ್ಟು ಕಾದಳು.

"ಒಂಬೈನೂರ ಮೂವತ್ತು ಗ್ರಾಂ."