ಹದಿನೈದು ಅಂದ್ರೆ ಇಪ್ಪತ್ತೈದು

ಬಟ್ಟೆ ಹೊಲಿಯುವುದರಲ್ಲಿ ನನ್ನ ಅತ್ತಿಗೆ ಎತ್ತಿದ ಕೈ. ಆದರೆ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಯಾರು ಬಂದರೂ "ಬುಧವಾರ ಬನ್ನಿ" ಎನ್ನುತ್ತಾಳೆ. ಯಾವ ಬುಧವಾರ ಎಂದು ಕೇಳುವವರು ಬೀದಿಗೆ ಹೊಸಬರು. ಹಳಬರೆಲ್ಲ ತಾವೇ ಹತ್ತು ದಿನ ಸೇರಿಸಿಕೊಂಡು ಬರುತ್ತಾರೆ, ಬಟ್ಟೆ ಸಿದ್ಧವಾಗಿರುತ್ತದೆ, ಜಗಳವಿಲ್ಲ. ಬೀದಿಯವರು ಇಟ್ಟ ಹೆಸರು ಬುಧವಾರದಮ್ಮ. ಅದು ಅವಳಿಗೂ ಗೊತ್ತು. ಅಣ್ಣನ ಹೆಂಡತಿಯನ್ನು ಅವಳು ಇವಳು ಎನ್ನುತ್ತೀಯಲ್ಲ ಎಂದು ಯಾರೂ ಮೂಗು ಮುರಿಯಬೇಡಿ. ನನಗಿಂತ ಎರಡೇ ವರ್ಷ ದೊಡ್ಡವಳು, ಬಹುವಚನ ಬಿಟ್ಟು ಎಷ್ಟೋ ಕಾಲವಾಯಿತು.

ಇಪ್ಪತ್ತೆರಡು ವರ್ಷ ಅವಳು ಹೊಲಿದದ್ದು ಅಡುಗೆಮನೆಗೂ ಬಚ್ಚಲುಮನೆಗೂ ನಡುವಿನ ಇಕ್ಕಟ್ಟು ಜಾಗದಲ್ಲಿ. ಯಾರು ಸ್ನಾನಕ್ಕೆ ಹೊರಟರೂ ಸ್ಟೂಲನ್ನು ಮುಂದಕ್ಕೆಳೆದುಕೊಂಡು, ಹೊಟ್ಟೆಯನ್ನು ಮೆಷಿನ್ನಿಗೆ ಒತ್ತಿಕೊಂಡು ದಾರಿ ಬಿಡಬೇಕು. ಅಣ್ಣ ದಿನಕ್ಕೆ ಹತ್ತು ಸಲ ದಾಟುತ್ತಾನೆ. ಟೇಪನ್ನೋ ಕತ್ತರಿಯನ್ನೋ ಬೀಳಿಸದೆ ದಾಟಿದವನಲ್ಲ. ಹೀಗಿರುವಾಗ ಮಾರ್ಕೆಟ್ಟಿನ ಆಚೆ ಒಂದು ಮನೆ ಮಾರಾಟಕ್ಕೆ ಬಂತು. ಬೀದಿಯ ಕಡೆಗೆ ದೊಡ್ಡ ಕಿಟಕಿಯಿದ್ದ ಒಂದು ಕೋಣೆ ಅದರಲ್ಲಿ ಹೆಚ್ಚಿಗೆ ಇತ್ತು. ಅತ್ತಿಗೆ ಅಡುಗೆಮನೆಯನ್ನೂ ನೋಡಲಿಲ್ಲ, ನಲ್ಲಿಯನ್ನೂ ತಿರುಗಿಸಲಿಲ್ಲ. ಆ ಕೋಣೆಯನ್ನು ಟೇಪು ಹಿಡಿದು ಅಳೆದು, "ಇದೇ" ಎಂದಳು.

ಆ ಮನೆ ಕೊಳ್ಳಬೇಕಾದರೆ ಈ ಮನೆ ಮಾರಬೇಕು. ಅಣ್ಣ ಆಸ್ಪತ್ರೆಯಲ್ಲಿ ಔಷಧಿ ಕೊಡುವವನು. ಏನೇ ಹೇಳಿದರೂ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳುವ ಅಭ್ಯಾಸ.

"ಕೊಳ್ಳೋಕೆ ಮುಂಚೆ ಮಾರೋದೋ, ಆಮೇಲೋ?" ಎಂದ.

"ಮುಂಚೆ ಮಾರಿದ್ರೆ ಬೀದೀಲಿ ಮಲಗ್ತೀಯ. ಆಮೇಲೆ ಅಂದ್ರೆ ದುಡ್ಡೆಲ್ಲಿದೆ?" ಎಂದೆ ನಾನು.

"ಎರಡೂ ಒಂದೇ ದಿನ" ಎಂದಳು ಅತ್ತಿಗೆ.

ಆ ಮನೆಯೊಡತಿ ನಿವೃತ್ತ ಟೀಚರು. ತಿಂಗಳ ಇಪ್ಪತ್ತೈದಕ್ಕೆ ಮನೆ ಬಿಟ್ಟುಕೊಡುತ್ತೇನೆ, ಪೂರ್ತಿ ಹಣ ಅಂದೇ ಬರಬೇಕು, ತಪ್ಪಿದರೆ ಬೇರೆ ಗಿರಾಕಿ ಕಾಯುತ್ತಿದ್ದಾರೆ ಎಂದು ಖಡಾಖಂಡಿತವಾಗಿ ಹೇಳಿದರು. ಅಣ್ಣನ ಮನೆಗೆ ಬಸ್ ಡ್ರೈವರೊಬ್ಬರು ಮುಂಗಡ ಕೊಟ್ಟರು. ಉಳಿದದ್ದು ಮನೆ ಖಾಲಿ ಮಾಡಿಕೊಟ್ಟ ದಿನ. ಕರಾರು ಬರೆಸುವಾಗ ಅತ್ತಿಗೆ ತಾನೇ ಬಾಯಿಬಿಟ್ಟು ತಾರೀಖು ಹೇಳಿದಳು: ಹದಿನೈದು, ಬುಧವಾರ. ಹೊರಗೆ ಬಂದ ಮೇಲೆ ನಾನು ತಲೆ ಚಚ್ಚಿಕೊಂಡೆ.

"ಇಪ್ಪತ್ತೈದು ಅನ್ನಬೇಕಿತ್ತಲ್ಲ ಅತ್ತಿಗೆ!"

"ಇಪ್ಪತ್ತೈದು ಅಂದ್ರೆ ಮುಂದಿನ ತಿಂಗಳು ಐದಕ್ಕೆ ಬರ್ತಾರೆ ಕಣೇ. ಹದಿನೈದು ಅಂದ್ರೆ ಸರಿಯಾಗಿ ಇಪ್ಪತ್ತೈದಕ್ಕೆ ಬರ್ತಾರೆ. ಜನರನ್ನ ನಾನೇನು ಇವತ್ತು ನೋಡ್ತಿದ್ದೀನಾ?"

ಹದಿನೈದನೇ ತಾರೀಖು, ಬೆಳಿಗ್ಗೆ ಏಳಕ್ಕೆ ಐದು ನಿಮಿಷ. ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹೊಲಿದುಕೊಡಲು ನಾನು ಬಂದು ಕೂತಿದ್ದೆ. ಅಣ್ಣ ಹಲ್ಲುಜ್ಜುತ್ತಿದ್ದ. ಬಾಗಿಲಲ್ಲಿ ಲಾರಿ ಬಂದು ನಿಂತಿತು. ಅದರ ತುಂಬ ಮಂಚ, ಬೀರು, ಪಾತ್ರೆ. ಡ್ರೈವರು, ಅವರ ಹೆಂಡತಿ, ಅತ್ತೆ ಮೂವರೂ ಇಳಿದರು.

"ಹದಿನೈದು ಅಂದ್ರೆ... ಹದಿನೈದೇನಾ?" ಎಂದಳು ಅತ್ತಿಗೆ.

ಡ್ರೈವರು ಗಡಿಯಾರ ನೋಡಿಕೊಂಡರು. "ಮೂವತ್ತು ವರ್ಷದಿಂದ ಏಳು ಅಂದ್ರೆ ಏಳಕ್ಕೇ ಬಸ್ಸು ತೆಗೆದಿದ್ದೀನಮ್ಮ. ಬಾಡಿಗೆ ಮನೆ ನಿನ್ನೇನೇ ಬಿಟ್ಟಾಯ್ತು. ಆಗಲ್ಲ ಅಂದ್ರೆ ಹೇಳಿ, ಮುಂಗಡ ವಾಪಸ್ ತಗೊಂಡು ಬೇರೆ ಮನೆ ನೋಡ್ಕೋತೀನಿ."

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಇವರು ಹೋದರೆ ಹಣ ಹೋಯಿತು, ಹಣ ಹೋದರೆ ಆ ಕೋಣೆ ಹೋಯಿತು. ನಾನು ಆಗಲೇ ಹೇಳಲಿಲ್ಲವೇ ಎನ್ನುವ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

ಅವಳು ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ಅವರ ಕೈಗಿಟ್ಟಳು. "ತಪ್ಪು ನಂದೇ. ಇವತ್ತಿಂದ ಮನೆ ನಿಮ್ದು, ಸಾಮಾನು ಇಳಿಸಿ. ನಮಗೆ ಹತ್ತು ದಿನ ಒಂದು ರೂಮು ಬಾಡಿಗೆಗೆ ಕೊಡಿ."

"ಹತ್ತು ದಿನ ಅಂದ್ರೆ ಎಷ್ಟು ದಿನ?" ಎಂದರು ಡ್ರೈವರ ಹೆಂಡತಿ. ಕಾಂಪೌಂಡಿನಾಚೆ ಪಕ್ಕದ ಮನೆಯವರು ಕಿಸಕ್ಕನೆ ನಕ್ಕರು.

"ಹತ್ತು" ಎಂದು ಅತ್ತಿಗೆ ಎರಡೂ ಕೈ ಎತ್ತಿ ಬೆರಳು ತೋರಿಸಿದಳು. ಡ್ರೈವರಿಗೆ ನಗು ತಡೆಯಲಾಗಲಿಲ್ಲ. ಬಾಡಿಗೆಯೇನೂ ಬೇಡ, ಇಪ್ಪತ್ತೈದಕ್ಕೆ ಏಳು ಗಂಟೆಗೆ ಲಾರಿ ನಾನೇ ತರುತ್ತೇನೆ ಎಂದರು.

ಆಮೇಲಿನ ಹತ್ತು ದಿನ ನೋಡಬೇಕಿತ್ತು. ಡ್ರೈವರು ಬಚ್ಚಲ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದರು. ಅಣ್ಣನ ಸ್ನಾನ ಆರು ಹತ್ತರಿಂದ ಆರು ಇಪ್ಪತ್ತೆರಡು. ದಾಟುವವರು ಹೆಚ್ಚಾದದ್ದರಿಂದ ಅತ್ತಿಗೆ ಸ್ಟೂಲು ಎಳೆದು ಎಳೆದು ಸುಸ್ತಾದಳು. ಡ್ರೈವರ ಹೆಂಡತಿ ಗುಂಡಿಗೆ ಕಾಜಾ ಹೊಲಿದರು, ಅವರಮ್ಮ ದಾರ ಪೋಣಿಸಿಕೊಟ್ಟರು. ಸಮವಸ್ತ್ರಗಳು ಹೇಳಿದ ಬುಧವಾರವೇ ಮುಗಿದುಹೋದವು! ಒಯ್ಯಲು ಶಾಲೆಯ ಜವಾನ ಬರಲೇ ಇಲ್ಲ. ಅವನೂ ಹತ್ತು ದಿನ ಸೇರಿಸಿಕೊಂಡು ಕೂತಿದ್ದ. ಕೊನೆಗೆ ಅಣ್ಣನೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದ.

ಇಪ್ಪತ್ತೈದರಂದು ಡ್ರೈವರು ಉಳಿದ ಹಣ ಕೊಟ್ಟು, ಲಾರಿಯನ್ನು ತಾವೇ ಓಡಿಸಿಕೊಂಡು ಬಂದರು. ಟೀಚರು ಹಣ ಎಣಿಸಿಕೊಂಡು, ಮನೆ ಗುಡಿಸಿ ಕೊಟ್ಟು ಹೊರಟರು. ಮೆಷಿನ್ನು ಕಿಟಕಿಯ ಪಕ್ಕ ಕೂತಿತು.

ಮಧ್ಯಾಹ್ನ ನಾನು ಟೀ ತೆಗೆದುಕೊಂಡು ಹೋದಾಗ ಆ ಕೋಣೆಯ ಬಾಗಿಲು ಹಾಕಿತ್ತು. ತಳ್ಳಿ ಒಳಗೆ ಹೋದೆ. ಅತ್ತಿಗೆ ಕಾಲು ಚಾಚಿಕೊಂಡು ಕೂತಿದ್ದಳು, ಕೆನ್ನೆ ಒದ್ದೆಯಾಗಿತ್ತು.

"ಏನಾಯ್ತು ಅತ್ತಿಗೆ?"

"ಏನಿಲ್ಲ ಕಣೇ. ಸುಮ್ನೆ ಬಾಗಿಲು ಹಾಕಿ ನೋಡ್ದೆ. ಯಾರೂ ದಾಟಲ್ಲ."

ಟೀ ಇಟ್ಟು ಹೊರಗೆ ಬಂದು, ಬಾಗಿಲನ್ನು ನಾನೇ ಎಳೆದುಕೊಂಡೆ. ಅಣ್ಣ ದಾರದ ಡಬ್ಬಿ ಹಿಡಿದು ಬರುತ್ತಿದ್ದ. ಎಂದಿನಂತೆ ನುಗ್ಗಲು ಹೋದವನು ಮುಚ್ಚಿದ ಬಾಗಿಲು ಕಂಡು ನಿಂತ. ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ ತಟ್ಟಿದ.

"ಯಾರು?" ಎಂದಳು ಅತ್ತಿಗೆ ಒಳಗಿಂದ.

"ನಾನೇ."

"ಸ್ವಲ್ಪ ತಡೀರಿ" ಎಂದಳು. ಅಣ್ಣ ಡಬ್ಬಿ ಹಿಡಿದುಕೊಂಡು ಬಾಗಿಲಾಚೆ ನಿಂತು ಕಾದ.