ಸೆಲೆಕ್ಟರ್ ವೇಣು

ಮಲ್ಲೇಶ್ವರಂ ಎಂಟನೇ ಕ್ರಾಸಿನಲ್ಲಿ ತರಕಾರಿ ಅಂಗಡಿ ಇಟ್ಟಿದ್ದ ವೇಣುವಿಗೆ ಯಾರೂ ವಹಿಸದ ಕೆಲಸವೊಂದಿತ್ತು. ಭಾರತದ ಫುಟ್‌ಬಾಲ್ ತಂಡವನ್ನು ಆರಿಸುವುದು. ಇಪ್ಪತ್ತು ವರ್ಷಗಳಿಂದ ಒಂದು ಭಾನುವಾರವೂ ತಪ್ಪಿಸದೆ ಅದನ್ನು ಮಾಡಿಕೊಂಡು ಬಂದಿದ್ದ. ಅಕ್ಕಪಕ್ಕದ ಅಂಗಡಿಯವರು ಅವನನ್ನು ಸೆಲೆಕ್ಟರ್ ಎಂದೇ ಕರೆಯುತ್ತಿದ್ದರು. ಅವರು ತಮಾಷೆಗೆ ಕರೆದರು. ಇವನು ಪುಣ್ಯಾತ್ಮ, ನಿಜವೆಂದೇ ನಂಬಿದ.

ಭಾನುವಾರ ಹನ್ನೊಂದರ ಹೊತ್ತಿಗೆ ವ್ಯಾಪಾರ ತಗ್ಗಿದ ಮೇಲೆ ಅಂಗಡಿಯ ಮುಂದೆ ಕಮಿಟಿ ಸೇರುತ್ತಿತ್ತು. ಕಮಿಟಿ ಅಂದರೆ ಮೂರೇ ಜನ. ವೇಣು ಒಬ್ಬ, ಬ್ಯಾಂಕಿನ ಗುಮಾಸ್ತಗಿರಿಯಿಂದ ನಿವೃತ್ತನಾದ ಶಂಭುಲಿಂಗಪ್ಪ ಒಬ್ಬ, ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಪ್ರೂಫ್ ನೋಡುವ ವರದರಾಜ ಇನ್ನೊಬ್ಬ. ವರದರಾಜ ಬರುವಾಗ ತಪ್ಪು ಅಚ್ಚಾದ ಲಗ್ನಪತ್ರಿಕೆಗಳ ಒಂದು ಕಟ್ಟು ತರುತ್ತಿದ್ದ. ಮುಹೂರ್ತದ ತಾರೀಖು ತಪ್ಪಿದವು, ವರನ ತಾತನ ಹೆಸರು ಬಿಟ್ಟುಹೋದವು, ಹೀಗೆ. ಹಿಂಬದಿ ಮಾತ್ರ ಬೆಳ್ಳಗೆ ಚೆನ್ನಾಗಿರುತ್ತಿತ್ತು. ಅದರ ಮೇಲೆ ಒಬ್ಬೊಬ್ಬರೂ ತಮ್ಮ ಹನ್ನೊಂದು ಆಟಗಾರರ ಹೆಸರು ಬರೆಯಬೇಕು. ಆಮೇಲೆ ಎರಡು ಕಾಫಿಯನ್ನು ಮೂರು ಲೋಟಕ್ಕೆ ಹಂಚಿಕೊಂಡು ಕಿತ್ತಾಡಬೇಕು.

“ರಿಟೈರ್ ಆದೋನ್ನ ವಾಪಸ್ ಕರ್ಕೊಂಡ್ಬಂದಿದ್ದಾರಲ್ಲ, ನಾಚಿಕೆ ಆಗಲ್ವೇನ್ರೀ ಇವ್ರಿಗೆ?” ಎಂದು ಶಂಭುಲಿಂಗಪ್ಪ ಶುರು ಮಾಡುತ್ತಿದ್ದ.

“ಗೋಲ್ ಹೊಡೆಯೋಕೆ ಬೇರೆ ಯಾರಿದ್ದಾರೆ? ನೀವು ಹೋಗ್ತೀರಾ?” ಎಂದು ವರದರಾಜ ಚುಚ್ಚುತ್ತಿದ್ದ.

“ಹುಡುಗ್ರು ಬೇಕಾದಷ್ಟಿದ್ದಾರೆ ಸಾರ್, ಬೆಂಚಲ್ಲಿ ಕೂರ್ಸಿ ಕೊಳೆಸ್ತಾರೆ ಅಷ್ಟೆ,” ಎಂದು ವೇಣು ತೀರ್ಪು ಕೊಡುತ್ತಿದ್ದ. “ನೋಡೋ ಕಣ್ಣಿರ್ಬೇಕು. ಕಾಲಲ್ಲಿ ಆಟ ಇದ್ಯಾ, ತಗೋ. ಅವನು ಯಾರ ಮಗ, ಯಾರ ಅಳಿಯ, ಅದೆಲ್ಲ ಯಾತಕ್ಕೆ?”

ಆ ಕೊನೆಯ ಮಾತಿಗೆ ಬಂದಾಗ ವೇಣುವಿನ ದನಿ ಏರುತ್ತಿತ್ತು. ಏರದೆ ಇನ್ನೇನು? ಇಪ್ಪತ್ತೊಂದನೇ ವಯಸ್ಸಿನಲ್ಲಿ ಅವನು ಎಡಗಡೆಯ ಡಿಫೆಂಡರ್. ಆ ಕಡೆಯಿಂದ ಚೆಂಡು ತಂದ ಗಂಡಸು ಗೋಲಿನ ಹತ್ತಿರ ಸುಳಿಯುವುದು ಕಷ್ಟವಿತ್ತು. ರಾಜ್ಯ ತಂಡದ ಪಟ್ಟಿಯಲ್ಲಿ ಹೆಸರು ಬಂತು ಎಂದು ಮನೆಯಲ್ಲಿ ಪಾಯಸ ಮಾಡಿದರು. ಮೂರು ದಿನ ಬಿಟ್ಟು ನೋಡಿದರೆ ಆ ಜಾಗದಲ್ಲಿ ಆರಿಸುವವರಲ್ಲೊಬ್ಬನ ಅಕ್ಕನ ಮಗ. ವೇಣು ಬೂಟು ಬಿಚ್ಚಿಟ್ಟು ಅಪ್ಪನ ಅಂಗಡಿಯಲ್ಲಿ ಕುಳಿತ. ಮೂವತ್ತೈದು ವರ್ಷವಾದರೂ ಆ ಕಹಿ ನಾಲಿಗೆಯಿಂದ ಹೋಗಿರಲಿಲ್ಲ.

ಆ ಹೊಟ್ಟೆಯುರಿಯಲ್ಲೂ ಒಂದು ಒಳ್ಳೆಯದಾಗಿತ್ತು. ಮಗಳು ಹರಿಣಾಕ್ಷಿ ಏಳು ವರ್ಷದವಳಿದ್ದಾಗಲೇ ಅವಳನ್ನು ಹದಿನೆಂಟನೇ ಕ್ರಾಸಿನ ಮೈದಾನಕ್ಕೆ ಕರೆದುಕೊಂಡು ಹೋಗಿ ಚೆಂಡು ಕೊಟ್ಟ. ಬೆಳಿಗ್ಗೆ ಮಾರ್ಕೆಟ್ಟಿನಿಂದ ಮೂಟೆ ಇಳಿಸಿ ಬಂದವನು, ಮಣ್ಣಾದ ಅದೇ ಪ್ಯಾಂಟಿನಲ್ಲಿ ಅವಳ ಎದುರು ಓಡುತ್ತಿದ್ದ. “ಚೆಂಡು ನೋಡ್ಬೇಡ ಹರಿಣಿ, ಅವರ ಸೊಂಟ ನೋಡು. ಕಾಲು ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ,” ಎಂದು ಕಿರುಚುತ್ತಿದ್ದ. ಹದಿನಾರಕ್ಕೆ ಬರುವಷ್ಟರಲ್ಲಿ ಅವಳೂ ಎಡಗಡೆಯ ಡಿಫೆಂಡರ್. ಅಪ್ಪನಿಗಿಂತ ಒಂದು ಕೈ ಮೇಲೆ. ಮೈದಾನದ ಸುತ್ತ ವಾಕಿಂಗ್ ಹೋಗುವವರು ನಿಂತು ನೋಡುವಂತೆ ಆಡುತ್ತಿದ್ದಳು.

ಅದೇ ವರ್ಷ ಬೇಸಿಗೆಯಲ್ಲಿ ಊರಿನ ಬಡಾವಣೆಗಳ ನಡುವೆ ಹದಿನೇಳರೊಳಗಿನ ಹುಡುಗಿಯರ ಟೂರ್ನಿ ಗೊತ್ತಾಯಿತು. ಹುಡುಗಿಯರಿಗೆ ಹಾಸ್ಟೆಲ್ಲು, ಓದು ಎಲ್ಲ ಕೊಟ್ಟು ಆಡಿಸುವ ದೊಡ್ಡ ಕ್ಲಬ್ಬಿನವರು ಅಲ್ಲಿಗೆ ಬಂದು ಆಟ ನೋಡುತ್ತಾರೆ ಎಂದು ಸುದ್ದಿಯಾಯಿತು. ಹರಿಣಾಕ್ಷಿ ಊಟ ಬಿಟ್ಟು ಕನಸು ಕಂಡಳು. ಮೈದಾನದಲ್ಲಿ ಹುಡುಗಿಯರಿಗೆ ಆಟ ಹೇಳಿಕೊಡುತ್ತಿದ್ದ ಲಿಖಿತ್ ಒಂದು ದಿನ ಅಂಗಡಿಗೇ ಬಂದ.

“ಸಾರ್, ಮಲ್ಲೇಶ್ವರಂ ತಂಡ ಆರಿಸೋಕೆ ಮೂರು ಜನ ಬೇಕು. ನಾನೊಬ್ಬ, ಇನ್ನೊಬ್ರು ಕೋಚ್ ಮೇಡಂ ಇದ್ದಾರೆ. ನೀವೂ ಬನ್ನಿ. ನಿಮ್ಮಷ್ಟು ಆಟ ತಿಳಿದೋರು ಈ ಕಡೆ ಯಾರಿದ್ದಾರೆ?”

ವೇಣು ಹಿಗ್ಗಿ ಹೀರೇಕಾಯಿಯಾದ. ಮಗಳೂ ಆಯ್ಕೆಗೆ ನಿಂತಿದ್ದಾಳೆ, ನಾನು ಹೇಗೆ ಬರಲಿ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಯಾರೂ ಕೊಡದ ಪದವಿ ಇಷ್ಟು ವರ್ಷದ ಮೇಲೆ ತಾನಾಗಿ ಕಾಲ ಬಳಿ ಬಂದಿತ್ತಲ್ಲ.

ಆ ಭಾನುವಾರ ಕಮಿಟಿಯಲ್ಲಿ ಭಾರತ ತಂಡದ ಮಾತೇ ಹಿಂದಾಯಿತು. ಶಂಭುಲಿಂಗಪ್ಪ ಲೋಟ ಕೆಳಗಿಟ್ಟು ಕಣ್ಣು ಹೊಡೆದ.

“ಏನ್ ಗುರು, ಈಗ ನೀನೇ ಸೆಲೆಕ್ಟರು. ನೋಡೋಣ ಬಿಡು, ಎಡಗಡೆ ಯಾರ ಮಗಳು ಬರ್ತಾಳೆ ಅಂತ!”

ವರದರಾಜ ನಕ್ಕ. ಪಕ್ಕದ ಹೂವಿನ ಅಂಗಡಿಯವಳೂ ನಕ್ಕಳು. ಅಷ್ಟೇ ಆಗಿದ್ದು. ಯಾರೂ ಮನಸ್ಸಿನಲ್ಲಿಟ್ಟು ಆಡಿದ ಮಾತಲ್ಲ, ಕಾಫಿ ಲೋಟ ತೊಳೆಯುವಷ್ಟರಲ್ಲಿ ಮರೆತೂ ಹೋಯಿತು. ವೇಣು ಮಾತ್ರ ಮರೆಯಲಿಲ್ಲ. ಅಂದು ಅಕ್ಕನ ಮಗನನ್ನು ಸೇರಿಸಿದ ಆ ಸೆಲೆಕ್ಟರನಂತೆ ತನ್ನನ್ನೂ ಜನ ಆಡಿಕೊಳ್ಳುತ್ತಾರೆ ಎಂಬ ಭಯ ಎದೆಯಲ್ಲಿ ಕೂತುಬಿಟ್ಟಿತು.

ಆಯ್ಕೆಯ ದಿನ ಹರಿಣಾಕ್ಷಿ ಆಡಿದ ಆಟದ ಬಗ್ಗೆ ಹೇಳುವುದೇ ಬೇಡ. ಎಡಗಡೆಯಿಂದ ಒಬ್ಬಳೂ ದಾಟಲಿಲ್ಲ. ಮುಗಿದ ಮೇಲೆ ಮೂವರೂ ಮೈದಾನದ ಕಟ್ಟೆಯ ಮೇಲೆ ಕುಳಿತರು. ಲಿಖಿತ್ ಬರೆದ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಕೋಚ್ ಮೇಡಂ ಕೂಡ ಟಿಕ್ ಹಾಕಿದರು. ವೇಣು ಪೆನ್ನು ತೆಗೆದುಕೊಂಡು ಆ ಹೆಸರಿನ ಮೇಲೆ ಗೀಟು ಎಳೆದ.

“ಸಾರ್! ಏನ್ ಮಾಡ್ತಿದೀರಾ?” ಲಿಖಿತ್ ಗಾಬರಿಯಾದ. “ಆ ಜಾಗಕ್ಕೆ ಬೇರೆ ಯಾರಿದ್ದಾರೆ?”

“ಯಾರನ್ನಾದ್ರೂ ಹಾಕಿ. ನನ್ನ ಮಗಳು ಬೇಡ.”

“ನಾವಿಬ್ರೂ ಬೇಕು ಅಂತಿದೀವಲ್ಲ. ನೀವು ಐದು ನಿಮಿಷ ಆಚೆ ಹೋಗಿ ಸಾರ್, ಇವಳೊಬ್ಬಳ ವಿಷ್ಯ ನಾವು ನೋಡ್ಕೋತೀವಿ.”

“ಬೇಡ ಅಂದ್ರೆ ಬೇಡ. ಅವಳು ಬಂದ್ರೆ ನಾನು ಸೈನ್ ಹಾಕಲ್ಲ.”

ಐದು ನಿಮಿಷ! ಎದ್ದು ಹೋಗಿ ಒಂದು ಕಾಫಿ ಕುಡಿದು ಬಂದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಕಾಫಿ ಕುಡಿದು ಬಂದವನನ್ನು ಯಾರು ದೊಡ್ಡ ಮನುಷ್ಯ ಎನ್ನುತ್ತಾರೆ? ಇವನಿಗೆ ದೊಡ್ಡ ಮನುಷ್ಯನಾಗಬೇಕಿತ್ತು. ಮೂವರ ಸಹಿಯೂ ಇಲ್ಲದೆ ಪಟ್ಟಿ ನಡೆಯುವುದಿಲ್ಲ, ಹಿರಿಯರು ಹೀಗೆ ಹಟ ಹಿಡಿದರೆ ಏನು ಮಾಡುವುದು ಎಂದು ಲಿಖಿತ್ ಬೇರೆ ಹುಡುಗಿಯ ಹೆಸರು ಬರೆದ.

ಪಟ್ಟಿ ಸಂಜೆ ವಾಟ್ಸಾಪ್ ಗುಂಪಿಗೆ ಬಂತು. ಹರಿಣಾಕ್ಷಿ ಅದನ್ನು ಎರಡು ಸಲ ಓದಿ ಅಪ್ಪನ ಹತ್ತಿರ ಬಂದಳು.

“ನಾನು ಸರಿಯಾಗಿ ಆಡ್ಲಿಲ್ವಾಪ್ಪ?”

“ಆಡಿದೆ ಕಣಮ್ಮ. ಚೆನ್ನಾಗೇ ಆಡಿದೆ. ಆದ್ರೆ ನಾನಿದ್ದೆನಲ್ಲ ಅಲ್ಲಿ… ಜನ ಏನಂತಾರೆ?”

“ಯಾವ ಜನ?”

ವೇಣು ನೆನಪು ಮಾಡಿಕೊಂಡ. ಜನ ಎಂದರೆ ಶಂಭುಲಿಂಗಪ್ಪ, ವರದರಾಜ. ಆಮೇಲೆ ಹೂವಿನ ಅಂಗಡಿಯವಳು. ಬೇರೆ ಯಾರೂ ನೆನಪಿಗೆ ಬರಲಿಲ್ಲ.

ಒಳಗಿಂದ ಅವನ ತಾಯಿ ದ್ರೌಪದಮ್ಮ ಕೇಳಿಸಿಕೊಂಡಿದ್ದಳು. “ಊರಿಗೆಲ್ಲ ನ್ಯಾಯ ತೋರ್ಸೋಕೆ ನಿಂಗೆ ನಮ್ಮ ಮಗೂನೇ ಬೇಕಾಗಿತ್ತೇನೋ?” ಎಂದಳು. ಹರಿಣಾಕ್ಷಿ ಅಳಲಿಲ್ಲ. ಅತ್ತಿದ್ದರೆ ವೇಣುವಿಗೆ ಸಮಾಧಾನ ಹೇಳುವ ಅವಕಾಶವಾದರೂ ಸಿಗುತ್ತಿತ್ತು.

ತಂಡ ಮೊದಲ ಪಂದ್ಯದಲ್ಲೇ ಐದು ಗೋಲು ತಿಂದು ಮನೆಗೆ ಬಂತು. ನಾಲ್ಕು ಎಡಗಡೆಯಿಂದಲೇ. ಕಮಿಟಿಗೆ ಅದರ ಚಿಂತೆ ಇರಲಿಲ್ಲ. ಶಂಭುಲಿಂಗಪ್ಪನಂತೂ ಕಣ್ಣು ಒದ್ದೆ ಮಾಡಿಕೊಂಡು, “ಸ್ವಂತ ಮಗಳನ್ನೇ ಬಿಟ್ಯಲ್ಲೋ ವೇಣು! ನಿನ್ನಂಥೋರು ದಿಲ್ಲೀಲಿ ಇರ್ಬೇಕಿತ್ತು,” ಎಂದು ಬೆನ್ನು ತಟ್ಟಿದ. ಅಷ್ಟಕ್ಕೇ ಬಿಡಲಿಲ್ಲ. ಪಾರ್ಕಿನಲ್ಲಿ, ಬ್ಯಾಂಕಿನಲ್ಲಿ, ಮೈದಾನದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ. ವೇಣುವಿಗೆ ಒಳಗೊಳಗೇ ಹಿತವಾಯಿತು. ಇಲ್ಲವೆಂದು ಸುಳ್ಳು ಹೇಳುವುದೇಕೆ?

ಆಗಸ್ಟಿನಲ್ಲಿ ಆ ದೊಡ್ಡ ಕ್ಲಬ್ಬಿನವರೇ ಹುಡುಗಿಯರನ್ನು ನೋಡಲು ಕರೆದರು. ಹರಿಣಾಕ್ಷಿ ಅಪ್ಪನಿಗೆ ಹೇಳದೆ ಹೋದಳು. ಹತ್ತು ನಿಮಿಷ ಆಡಿಸಿ ಕೂರಿಸಿದರು. ಸಂಜೆ ಅಂಗಡಿಗೆ ಬಂದು, ಮೂಲೆಯಲ್ಲಿದ್ದ ಖಾಲಿ ಟೊಮೇಟೊ ಕ್ರೇಟಿನ ಮೇಲೆ ಬೂಟಿನ ಚೀಲ ಇಟ್ಟಳು.

“ಫಾರಂ ನೋಡಿದ್ರು,” ಎಂದಳು. “ಆ ಅಂಗಡಿ ವೇಣು ಅವರ ಮಗಳು ನೀನೇನಾ ಅಂದ್ರು. ಹೌದು ಅಂದೆ. ನಿಮ್ಮಪ್ಪಾನೇ ಸೆಲೆಕ್ಟರ್ ಆಗಿದ್ರಂತಲ್ಲ, ಹೆತ್ತೋರೇ ನಿನ್ನ ಬೇಡ ಅಂದ್ಮೇಲೆ ನಿನ್ನಲ್ಲಿ ಏನೋ ಕೊರತೆ ಇರ್ಬೇಕಲ್ವಾ ಅಂದ್ರು.”

ವೇಣುವಿನ ಕೈಲಿದ್ದ ತಕ್ಕಡಿ ಕೈಲೇ ಉಳಿಯಿತು. ನಾನು ಬಂದು ಮಾತಾಡ್ತೀನಿ ನಡಿ, ಈಗಲೇ ಹೋಗೋಣ ಎಂದ. “ಏನಂತ ಮಾತಾಡ್ತೀಯಪ್ಪ? ನನ್ನ ಮಗಳನ್ನ ತಗೊಳ್ಳಿ ಅಂತಲಾ?” ಎಂದು ಅವಳು ಕೇಳಿದಳು. ಅವನು ಕುಳಿತುಕೊಂಡ. ಮರುದಿನದಿಂದ ಅವಳು ಬೆಳಿಗ್ಗೆ ಐದಕ್ಕೆ ಏಳುವುದನ್ನು ಬಿಟ್ಟಳು. ಬೂಟು ಮೈದಾನದ ಯಾವಳೋ ಹುಡುಗಿಗೆ ಕೊಟ್ಟುಬಿಟ್ಟಳು. ಕಾಲೇಜಿಲ್ಲದ ದಿನ ಅಂಗಡಿಯಲ್ಲಿ ಕೂರತೊಡಗಿದಳು. ಲೆಕ್ಕದಲ್ಲಿ ಚುರುಕು ಎಂದು ಗಿರಾಕಿಗಳು ಹೊಗಳಿದರು.

ನವೆಂಬರಿನಲ್ಲಿ ಭಾರತ ಬಾಂಗ್ಲಾದೇಶದ ಎದುರು ಒಂದು ಗೋಲಿನಿಂದ ಸೋತಿತು. ಆ ಭಾನುವಾರ ಕಮಿಟಿ ಹತ್ತಕ್ಕೇ ಸೇರಿತು. ವರದರಾಜ ಲಗ್ನಪತ್ರಿಕೆ ಹಂಚಿದ. ವೇಣು ಗೋಣಿಚೀಲದ ಮೇಲೆ ಕುಳಿತು ಬರೆಯಲು ನೋಡಿದ, ಮೂರು ಹೆಸರು ಬರೆದು ಪೆನ್ನು ನಿಲ್ಲಿಸಿದ. ಹರಿಣಾಕ್ಷಿ ಒಬ್ಬ ಹೆಂಗಸಿಗೆ ಬೀನ್ಸ್ ತೂಗುತ್ತಿದ್ದಳು. ಶಂಭುಲಿಂಗಪ್ಪನ ಬಾಯಿ ಮಾತ್ರ ನಿಂತಿರಲಿಲ್ಲ.

“ಬಾಂಗ್ಲಾ ಮೇಲೆ ಸೋತ್ವಲ್ರೀ, ಎಲ್ಲಿ ಮುಖ ತೋರ್ಸೋದು? ಚೆನ್ನಾಗಿ ಆಡೋರ್ನ ಮನೇಲಿ ಕೂರ್ಸಿ, ಯಾರ್ಯಾರ್ನೋ ಕಳ್ಸಿದ್ರೆ ಇನ್ನೇನಾಗುತ್ತೆ? ಆ ಸೆಲೆಕ್ಟರ್‌ನ ಎಳ್ಕೊಂಡ್ಬಂದು ಎದುರಿಗೆ ಕೂರ್ಸಿ ಕೇಳ್ಬೇಕು, ಅಲ್ಲಯ್ಯಾ, ಆಡೋರ್ನ ಯಾಕಯ್ಯಾ ಬಿಟ್ಟೆ ಅಂತ!”

ಹರಿಣಾಕ್ಷಿ ತಕ್ಕಡಿಯಿಂದ ತಲೆ ಎತ್ತಲಿಲ್ಲ.

“ಕೇಳಿ ಅಂಕಲ್,” ಎಂದಳು. “ಇಲ್ಲೇ ಕೂತಿದ್ದಾರಲ್ಲ.”

ಶಂಭುಲಿಂಗಪ್ಪ ನಗಲು ಹೋಗಿ, ಅರ್ಧಕ್ಕೇ ಬಾಯಿ ಮುಚ್ಚಿಕೊಂಡ. ವರದರಾಜ ತನ್ನ ಲಗ್ನಪತ್ರಿಕೆಯನ್ನು ಮಗುಚಿ ಯಾರದೋ ಮದುವೆಯ ವಿವರ ಓದತೊಡಗಿದ. ಹರಿಣಾಕ್ಷಿ ಬೀನ್ಸನ್ನು ಚೀಲಕ್ಕೆ ಸುರಿದು, ಕೊತ್ತಂಬರಿ ಸೊಪ್ಪು ಬೇಕಾ ಆಂಟಿ ಎಂದು ಆ ಹೆಂಗಸನ್ನು ಕೇಳಿದಳು.