ಬೇಕೆಂದಾಗ ತೆಗೆದಿಡುವ ಹಿಚ್

ಡಾಲಸ್ಸಿಗೆ ಮೂರು ಗಂಟೆ ದೂರದ ನಮ್ಮೂರು ಸೀಡರ್ ಪಾರ್ಕಿನ ಕನ್ನಡದವರಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ನಾವು ಟ್ರಕ್ ಅಂಕಲ್, ಟ್ರಕ್ ಆಂಟಿ. ಇಪ್ಪತ್ತು ವರ್ಷ ಚಿಪ್ ಕಂಪನಿಯಲ್ಲಿ ದುಡಿದವಳು ನಾನು, ಆ ಪಿಕಪ್ ಟ್ರಕ್ಕನ್ನು ಒಂದು ದಿನವೂ ಓಡಿಸಿದವಳಲ್ಲ. ಆದರೂ ನನಗೆ ಉಳಿದಿರುವ ಬಿರುದು ಅದೊಂದೇ. ಯಾರ ಮನೆಗಾದರೂ ಸೋಫಾ ಬರಲಿ, ಯಾರಾದರೂ ಪಕ್ಕದೂರು ಲಿಯಾಂಡರ್‌ಗೆ ಶಿಫ್ಟ್ ಆಗಲಿ, ಓದಲು ಬಂದ ಹುಡುಗರು ಹಾಸಿಗೆ ಸಾಗಿಸಲಿ, ಗಣಪತಿ ಹಬ್ಬಕ್ಕೆ ಮಂಟಪ ತರಬೇಕಾಗಲಿ, ಫೋನ್ ಬರುವುದು ನಮ್ಮ ಮನೆಗೆ. “ಅಂಕಲ್, ಸ್ವಲ್ಪ ನಿಮ್ಮ ಟ್ರಕ್ ಬೇಕಿತ್ತು.” ಸ್ವಲ್ಪ ಟ್ರಕ್ ಎಂದರೆ ಎಷ್ಟು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಟ್ರಕ್ಕಿನ ಜೊತೆ ನಮ್ಮ ಯಜಮಾನರೂ ಪುಕ್ಕಟೆ ಹೋಗುತ್ತಾರೆ, ನನ್ನ ಶನಿವಾರವೂ ಹೋಗುತ್ತದೆ.

ಅವರು ರಿಟೈರ್ ಆದ ಮೇಲೆ ಇದು ಇನ್ನೂ ಹೆಚ್ಚಾಯಿತು. ಮುಂಚೆ ಆಫೀಸಿನಿಂದ ದಿನವಿಡೀ ಫೋನ್ ಬರುತ್ತಿತ್ತು. ಅದು ನಿಂತಿತು. ಈಗ ಯಾರೋ ಕಪಾಟು ಸಾಗಿಸಬೇಕೆಂದರೆ ಸಾಕು, ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿ ಬಿಟ್ಟು ಎದ್ದುಬಿಡುತ್ತಾರೆ.

ಟ್ರೈಲರ್, ಅಂದರೆ ಟ್ರಕ್ ಎಳೆದೊಯ್ಯುವ ಗಾಲಿಮನೆ, ಬೇಕೆಂದವಳು ನಾನು. ಈ ದೇಶಕ್ಕೆ ಬಂದಾಗಿನಿಂದ ನಾವು ಎಲ್ಲಿಗೆ ಹೋದರೂ ಯಾರದೋ ಮನೆಯಲ್ಲಿ ಇಳಿದುಕೊಂಡವರು. ಡಾಲಸ್ ಎಂದರೆ ಫ್ಲವರ್ ಮೌಂಡಿನ ಗೆಳೆಯರ ಮನೆ, ಹ್ಯೂಸ್ಟನ್ ಎಂದರೆ ನಮ್ಮ ಯಜಮಾನರೇ ಸಾಮಾನು ಹೊತ್ತು ಮುಟ್ಟಿಸಿದ್ದ ಇನ್ನೊಂದು ದಂಪತಿಯ ಮನೆ. ಊರಲ್ಲಿ ಕನ್ನಡದವರಿರುವಾಗ ಹೋಟೆಲಿನಲ್ಲಿ ಉಳಿದರೆ ಅವರಿಗೆ ಅವಮಾನವಂತೆ. ಅವರ ಕಾರ್ಪೆಟ್ಟಿನ ಮೇಲೆ ಮಲಗಿ, ಅವರ ಪುಳಿಯೋಗರೆ ಹೊಗಳಿ, ಅವರ ಪಾತ್ರೆ ತೊಳೆದು ಬಂದದ್ದೇ ನನ್ನ ಪ್ರವಾಸ. ನಾನೂ ರಿಟೈರ್ ಆದಾಗ ಒಂದೇ ಆಸೆ ಇತ್ತು. ನಾನು ಯಾರಿಗೂ ಅತಿಥಿಯಲ್ಲದ, ನನಗೂ ಯಾರೂ ಅತಿಥಿಗಳಾಗಿ ಬರದ ಒಂದು ಜಾಗದಲ್ಲಿ, ಇವರೊಬ್ಬರ ಜೊತೆ ಒಂದು ವಾರ ಇರಬೇಕು. ಫ್ಲವರ್ ಮೌಂಡಿನಲ್ಲಿ ಒಬ್ಬರು ಹಳೆಯ ಟ್ರೈಲರ್ ಮಾರುತ್ತಿದ್ದರು. ಒಳಗೆ ಪುಟ್ಟ ಅಡುಗೆಮನೆ, ಒಂದು ಮಂಚ, ಮೇಜಿನ ಎದುರುಬದುರು ಎರಡು ಕುರ್ಚಿ. ನೋಡಿದ ಕೂಡಲೇ ಒಪ್ಪಿಕೊಂಡೆ.

ಅಂಥ ಟ್ರೈಲರನ್ನು ಟ್ರಕ್ಕಿನ ಬಾಲಕ್ಕೆ ಕಟ್ಟಿ ಎಳೆಯಲಾಗದು. ಅದರ ಮೂತಿಯ ಕೆಳಗೊಂದು ದಪ್ಪ ಗೂಟವಿರುತ್ತದೆ. ಟ್ರಕ್ಕಿನ ಹಿಂದಿನ ತೆರೆದ ತೊಟ್ಟಿಯ ನಟ್ಟನಡುವೆ ಒಂದು ಕಬ್ಬಿಣದ ಹಿಚ್ ಕೂರಿಸಿ, ಅದರ ದವಡೆಗೆ ಆ ಗೂಟವನ್ನು ಕಚ್ಚಿಸಬೇಕು. ಇದಕ್ಕೆ ಫಿಫ್ತ್ ವೀಲ್ ಹಿಚ್ ಎನ್ನುತ್ತಾರೆ. ಡಾಲಸ್ಸಿನ ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು. ಒಂದು, ಕೂರಿಸಿದರೆ ಕೂತಲ್ಲೇ ಇರುವಂಥದ್ದು. ಇನ್ನೊಂದು, ಪಿನ್ ಎಳೆದು ಎತ್ತಿ ಹೊರಗಿಡಬಹುದಾದದ್ದು.

“ಕೂತಲ್ಲೇ ಇರೋದೇ ಸಾಕು,” ಎಂದೆ ನಾನು.

“ಅದು ನಡುವೆ ಕೂತ್ಕೊಂಡ್ರೆ ತೊಟ್ಟೀಲಿ ಬೇರೆ ಏನೂ ಹಿಡಿಯಲ್ಲ ಕಣೇ. ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ?”

“ತೊಟ್ಟೀಲಿ ಹಿಡಿಯಲ್ಲ ಅಂತ ಹೇಳಿ.”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಅಂಗಡಿಯವನಿಗೆ ನಮ್ಮ ಮಾತು ಅರ್ಥವಾಗದಿದ್ದರೂ ಜಗಳ ಅರ್ಥವಾಗಿರಬೇಕು, ನಡುವೆ ಬಾಯಿ ಹಾಕಿದ. ನಿಮ್ಮದು ಚಿಕ್ಕ ತೊಟ್ಟಿಯ ಟ್ರಕ್, ತಿರುವಿನಲ್ಲಿ ಟ್ರೈಲರ್ ಕ್ಯಾಬಿನ್ನಿಗೆ ತಾಗದಂತೆ ಹಿಂದೆ ಸರಿಯುವ ಹಿಚ್ಚೇ ಬೇಕು, ಅದು ಬಲು ಭಾರ, ಎರಡು ಭಾಗವಾಗಿ ಬಿಚ್ಚಿದರೂ ಕೆಳಗಿನದನ್ನು ಎತ್ತಲು ಇಬ್ಬರು ಗಟ್ಟಿ ಆಳು ಬೇಕು ಎಂದ. ಗ್ಯಾರೇಜಿನ ಸೂರಿಗೆ ಎತ್ತುವ ರಾಟೆಯೊಂದನ್ನು ಹಾಕಿಸಿಕೊಳ್ಳಿ ಎಂದೂ ಹೇಳಿದ. ಮನೆಯಲ್ಲಿ ಸಹಾಯಕ್ಕೆ ಯಾರಿದ್ದಾರೆ ಎಂದು ಕೇಳಿದ.

ನಮ್ಮವರು ಎದೆಯುಬ್ಬಿಸಿ ನಕ್ಕರು. “ಅರ್ಧ ಸೀಡರ್ ಪಾರ್ಕ್ ಇದೆ,” ಎಂದು ಅವನ ಭಾಷೆಯಲ್ಲೇ ಹೇಳಿ, ತೆಗೆದಿಡುವ ಹಿಚ್ಚಿಗೆ ಕೈ ತೋರಿಸಿದರು. ರಾಟೆ ಬೇಡವೆಂದರು. ನನ್ನ ಟ್ರೈಲರಿಗೆ ಹಿಚ್ ಆರಿಸುವಾಗಲೂ ಇವರ ಕಣ್ಣ ಮುಂದಿದ್ದದ್ದು ಕಂಡವರ ಸೋಫಾ.

ಅಂಗಡಿಯವರೇ ಹಿಚ್ ಕೂರಿಸಿಕೊಟ್ಟರು. ಟ್ರೈಲರನ್ನು ಎಳೆದುಕೊಂಡು ಬಂದೆವು. ನಮ್ಮ ಬಡಾವಣೆಯಲ್ಲಿ ಮನೆ ಮುಂದೆ ಟ್ರೈಲರ್ ನಿಲ್ಲಿಸಲು ಬಿಡುವುದಿಲ್ಲ, ಹಾಗಾಗಿ ಲಿಯಾಂಡರ್‌ನ ಆಚೆ ಬಾಡಿಗೆ ಜಾಗದಲ್ಲಿ ಬಿಟ್ಟು ಮನೆಗೆ ಬಂದೆವು. ಮಾರನೆಯ ದಿನವೇ ಒಂದು ಮನೆಯವರು ಶಿಫ್ಟ್ ಆಗುವವರಿದ್ದರು. ಹಿಚ್ ಇಳಿಸಬೇಕು ಎಂದದ್ದೇ ತಡ, ನಾಲ್ಕು ಜನ ಹುಡುಗರು ಓಡಿ ಬಂದರು. ನಗುನಗುತ್ತಾ ಎತ್ತಿ ಗ್ಯಾರೇಜಿನ ಮೂಲೆಯಲ್ಲಿಟ್ಟರು. ನಾನು ಕಾಫಿ ಮಾಡಿಕೊಟ್ಟೆ. “ನೋಡಿದ್ಯಾ?” ಎಂದರು ನಮ್ಮವರು. ನೋಡಿದೆ. ಹಳೆಯ ಬೆಡ್‌ಶೀಟ್ ಹೊದ್ದು ಆ ಹಿಚ್ ಮೂಲೆಯಲ್ಲೇ ತಿಂಗಳುಗಟ್ಟಲೆ ಕೂತಿತು. ಟ್ರಕ್ಕಿಗೆ ಮಾತ್ರ ಬಿಡುವಿರಲಿಲ್ಲ.

ಕೊನೆಗೆ ಪ್ರವಾಸಕ್ಕೆ ಒಂದು ವಾರ ಗೊತ್ತುಮಾಡಿದೆವು. ಪಶ್ಚಿಮದ ಬೆಟ್ಟಗಳ ಕಡೆ ಟ್ರೈಲರ್ ನಿಲ್ಲಿಸುವ ಜಾಗ ಕಾದಿರಿಸಿದೆವು. ಶನಿವಾರ ಬೆಳಗ್ಗೆ ಹೊರಡುವುದು. ನಾನು ಚಟ್ನಿಪುಡಿ, ಗೊಜ್ಜವಲಕ್ಕಿ ಕಟ್ಟಿಟ್ಟೆ, ಎರಡು ಸ್ಟೀಲ್ ಲೋಟ ಇಟ್ಟುಕೊಂಡೆ. ಶುಕ್ರವಾರ ಮಧ್ಯಾಹ್ನ ಇವರು ವಾಟ್ಸಾಪ್ ಗುಂಪಿನಲ್ಲಿ ಹಾಕಿದರು: ಹಿಚ್ ಎತ್ತಲು ಒಬ್ಬರು ಬೇಕು, ಕಾಲು ಗಂಟೆಯ ಕೆಲಸ.

ಮೊದಲು ಬಂದದ್ದು ಕೈಮುಗಿದ ಚಿತ್ರ. ಯಾಕೆ ಮುಗಿದರೋ. ಒಬ್ಬರಿಗೆ ಮಗಳ ಭರತನಾಟ್ಯ ಕ್ಲಾಸ್, ಒಬ್ಬರಿಗೆ ಬೆನ್ನುನೋವು. ಇನ್ನೊಬ್ಬರು ಹಿಚ್ಚನ್ನು ಒಬ್ಬರೇ ಎತ್ತುವುದು ಹೇಗೆ ಎಂಬ ವಿಡಿಯೋ ಕಳಿಸಿದರು. “ಹ್ಯಾಪಿ ಜರ್ನಿ ಅಂಕಲ್” ಎಂದವರೇ ಹೆಚ್ಚು. ಸಂಜೆಯವರೆಗೆ ಇವರು ಗ್ಯಾರೇಜಿನ ಬಾಗಿಲು ತೆರೆದಿಟ್ಟು, ರಸ್ತೆಯಲ್ಲಿ ಕಾರು ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು.

“ರೀ, ದುಡ್ಡು ಕೊಟ್ಟು ಯಾರನ್ನಾದ್ರೂ ಕರೆಸೋಣ.”

“ಇಷ್ಟು ಜನ ನಮ್ಮೋರಿರುವಾಗಲಾ? ನಾಳೆ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ.”

ನಾವಿಬ್ಬರೇ ಕೈ ಹಾಕಿದೆವು. ಮೊಣಕಾಲಿನ ಎತ್ತರಕ್ಕೆ ಬಂತು, ಅಷ್ಟೇ. ನನ್ನ ಕೈ ಜಾರಿತು. ಅದು ಇವರ ಕಾಲಿನ ಪಕ್ಕ ದಢಾರನೆ ಬಿತ್ತು, ನೆಲದ ಸಿಮೆಂಟು ಬಿರಿಯಿತು. ಕಾಲಿನ ಮೇಲೇ ಬಿದ್ದಿದ್ದರೆ ಎಂದುಕೊಂಡು ಅಲ್ಲೇ ಕೂತುಬಿಟ್ಟೆ. ಇವರು ಬೆಡ್‌ಶೀಟ್ ತಂದು ಮತ್ತೆ ಅದಕ್ಕೆ ಹೊದಿಸಿದರು. “ಇನ್ನೊಂದ್ಸಲ ಹೋದ್ರಾಯ್ತು ಬಿಡು,” ಎಂದರು.

ಶನಿವಾರ ಬೆಳಗ್ಗೆ ಎದ್ದಾಗ ಟ್ರಕ್ ಇರಲಿಲ್ಲ. ಅಡುಗೆಮನೆಯಿಂದಲೇ ಫೋನ್ ಮಾಡಿದೆ. ಲಿಯಾಂಡರ್‌ನಲ್ಲಿ ಯಾರೋ ಹೊಸ ಮನೆಗೆ ಹೋಗುತ್ತಿದ್ದಾರೆ, ಹೇಗೂ ಟ್ರಕ್ ಖಾಲಿ ಇತ್ತಲ್ಲ, ಬಂದೆ ಎಂದರು.

ಕಟ್ಟಿಟ್ಟ ಬುತ್ತಿ, ಲೋಟಗಳನ್ನು ನನ್ನ ಕಾರಿಗೆ ಹಾಕಿಕೊಂಡು ಟ್ರೈಲರ್ ನಿಲ್ಲಿಸಿದ್ದ ಜಾಗಕ್ಕೆ ಹೋದೆ. ಸುತ್ತ ಬೇರೆಯವರು ಬಾಡಿಗೆಗೆ ನಿಲ್ಲಿಸಿದ್ದ, ಟಾರ್ಪಾಲು ಹೊದ್ದ ದೋಣಿಗಳು, ಬಿಸಿಲು. ಬಾಗಿಲು ತೆಗೆದು ಕಿಟಕಿಗಳನ್ನು ತೆರೆದೆ, ಒಲೆ ಹಚ್ಚಿ ಕಾಫಿ ಮಾಡಿದೆ, ಕುರ್ಚಿಯಲ್ಲಿ ಕೂತು ಕುಡಿದೆ. ಎದುರಿನ ಕುರ್ಚಿಯ ಮುಂದೆ ಇನ್ನೊಂದು ಲೋಟ ಇಟ್ಟಿದ್ದೆ, ಯಾಕೆಂದು ನನಗೇ ಗೊತ್ತಿಲ್ಲ. ಆಮೇಲೆ ಮಂಚದ ಮೇಲೆ ಬಿದ್ದುಕೊಂಡು ಅತ್ತೆ.

ಎಲ್ಲಿದ್ದೇನೆಂದು ಮೆಸೇಜ್ ಮಾಡಿದ್ದೆ. ಮಧ್ಯಾಹ್ನ ಬಂದರು. ಮೆಟ್ಟಿಲ ಕೆಳಗೇ ನಿಂತು ಬಾಗಿಲು ತಟ್ಟಿದರು, ಅಂಗಿ ಬೆವರಿನಲ್ಲಿ ತೊಯ್ದಿತ್ತು, ಮುಖ ಮಾತ್ರ ಅರಳಿತ್ತು.

“ಬಾರೇ, ಊಟಕ್ಕೆ ಕರೆದಿದ್ದಾರೆ. ಹೊಸ ಮನೆ, ಹಾಲು ಉಕ್ಕಿಸ್ತಾರಂತೆ.”

“ಸಾಮಾನು ಎತ್ತೋಕೆ ಯಾರ್ಯಾರು ಬಂದಿದ್ರು?”

“ಎಲ್ಲಾ ಇದ್ರು. ಏಳೆಂಟು ಜನ. ಬೆನ್ನುನೋವು ಅಂದಿದ್ನಲ್ಲ, ಅವನೂ ಬಂದಿದ್ದ. ಫ್ರಿಜ್ಜನ್ನ ಹೂವಿನ ಹಾಗೆ ಎತ್ತಿಬಿಟ್ರು.”

“ಇಲ್ಲಿಂದ ನಮ್ಮನೆ ಎಷ್ಟು ದೂರ? ಹೋಗ್ತಾ ಹಿಚ್ ಹಾಕಿಕೊಟ್ಟು ಹೋಗಿ ಅಂತ ಒಂದು ಮಾತು ಕೇಳ್ಬಾರ್ದಿತ್ತಾ? ನಾಳೆಯಾದ್ರೂ ಹೊರಡಬಹುದಿತ್ತು.”

ಅವರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

“ಕೇಳಬಹುದಿತ್ತು ಕಣೇ. ಕೇಳಿದ್ರೆ, ಆಮೇಲೆ ಟ್ರಕ್ ಕೇಳೋಕೆ ಅವರು ಸಂಕೋಚ ಪಟ್ಕೋತಾರೆ. ಫೋನ್ ಮಾಡೋದು ನಿಲ್ಲಿಸಿಬಿಡ್ತಾರೆ.”

ಎರಡನೆಯ ಲೋಟ ಇನ್ನೂ ಮೇಜಿನ ಮೇಲಿತ್ತು. ಒಳಗೆ ಬನ್ನಿ, ಕಾಫಿ ಬಿಸಿ ಮಾಡುತ್ತೇನೆ ಎಂದು ಹೇಳಬೇಕೆನಿಸಿತು. ಅದರ ಬದಲು, “ನಂಗೆ ಹಸಿವಿಲ್ಲ. ನೀವು ಹೋಗಿ ಬನ್ನಿ,” ಎಂದೆ.

ಅವರು ಹೋದರು.